ಪುಕ್ಕಟೆ ಬೋಟ್ ಟ್ರಿಪ್‌ಗೂ ಕಾಗದಪತ್ರ ಬೇಕು

ಅನಾಥಾಲಯದ ಮಕ್ಕಳನ್ನೋ ವೃದ್ಧಾಶ್ರಮದ ಹಿರಿಯರನ್ನೋ ಒಂದು ಭಾನುವಾರ ಹಿನ್ನೀರಿನಲ್ಲಿ ಸುತ್ತಾಡಿಸೋಣ ಅಂತ ನಿಮ್ಮ ಸಂಘ ಯೋಚಿಸಿದೆ ಅಂದುಕೊಳ್ಳಿ. ಒಳ್ಳೆಯ ಕೆಲಸವೇ. ಆದರೆ 'ನಾವೇನು ದುಡ್ಡು ತಗೋತೀವಾ, ನಮಗ್ಯಾಕೆ ಲೈಸೆನ್ಸು' ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆಯಿರಿ. ಒಳನಾಡು ಹಡಗುಗಳ ಕಾಯ್ದೆ, 2021 ನೋಡುವುದು ಟಿಕೆಟನ್ನಲ್ಲ. ಸಿಬ್ಬಂದಿಯನ್ನು ಬಿಟ್ಟರೆ ಬೋಟಿನಲ್ಲಿ ಕೂತವರು ಪ್ರಯಾಣಿಕರೇ.

ಮೊದಲು ಬೋಟ್ ಮಾಲೀಕರ ಹತ್ತಿರ ನಾಲ್ಕು ಕಾಗದ ಕೇಳಿ. ನೋಂದಣಿ ಪತ್ರ, ಸರ್ವೆ ಸರ್ಟಿಫಿಕೇಟ್ (ಬೋಟನ್ನು ಪರೀಕ್ಷಿಸಿ, ಓಡಲು ಯೋಗ್ಯ ಅಂತ ಕೊಡುವ ಪತ್ರ), ವಿಮೆ, ಬೋಟ್ ನಡೆಸುವವರ ಅರ್ಹತಾ ಪತ್ರ. ಸರ್ವೆ ಸರ್ಟಿಫಿಕೇಟನ್ನು ನಿಧಾನವಾಗಿ ಓದಿ. ಅವಧಿ ಮುಗಿದಿದೆಯಾ, ಎಷ್ಟು ಜನ ಕೂರಬಹುದು, ಯಾವ ವಲಯದ ನೀರಿನಲ್ಲಿ ಓಡಬಹುದು, ಎಲ್ಲ ನೋಡಿ. ಹೊಳೆಗೆ ಕೊಟ್ಟ ಪತ್ರ ಹಿಡಿದು ಅಳಿವೆ ದಾಟಿ ಸಮುದ್ರಕ್ಕೆ ಹೋಗುವಂತಿಲ್ಲ.

ಪರಿಚಯದ ಮೀನುಗಾರರು ಪ್ರೀತಿಯಿಂದ ತಮ್ಮ ಬೋಟೇ ಕೊಡುತ್ತೇವೆ ಅನ್ನಬಹುದು. ಬೇಡ. ಅದರ ಲೈಸೆನ್ಸ್ ಇರುವುದು ಮೀನು ಹಿಡಿಯೋಕೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿ 22 ಜನರ ಜೀವ ತೆಗೆದದ್ದು ಮೀನುಗಾರಿಕೆ ಬೋಟನ್ನು ಮಾರ್ಪಡಿಸಿ ಮಾಡಿದ ಪ್ರವಾಸಿ ಬೋಟು.

ಆಮೇಲೆ ವಿಮೆ. ಪಾಲಿಸಿಯಲ್ಲಿ ಪ್ರಯಾಣಿಕರು ಸೇರಿದ್ದಾರಾ, ಪುಕ್ಕಟೆ ಟ್ರಿಪ್‌ಗೂ ಅನ್ವಯಿಸುತ್ತಾ ಅಂತ ಕಂಪನಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ. ಫೋನಲ್ಲಿ 'ಆಗುತ್ತೆ ಸರ್' ಅಂದದ್ದು ನಾಳೆ ಲೆಕ್ಕಕ್ಕೆ ಬರಲ್ಲ.

ಹೊಣೆ ಯಾರದ್ದು? ಓವರ್‌ಲೋಡ್ ಆದ ಬೋಟಿನಲ್ಲಿ ಜನರನ್ನು ಸಾಗಿಸಿದರೆ ಶಿಕ್ಷೆ ಕೊಡುವ ಭಾರತೀಯ ನ್ಯಾಯ ಸಂಹಿತೆಯ 284ನೇ ಸೆಕ್ಷನ್ ಬಾಡಿಗೆಗೆ ಸಾಗಿಸುವವರ ಬಗ್ಗೆ ಮಾತಾಡುತ್ತದೆ, ನಿಜ. ಆದರೆ ನಿರ್ಲಕ್ಷ್ಯದಿಂದ ಸಾವಾದರೆ 106ನೇ ಸೆಕ್ಷನ್ ಇದೆ, 5 ವರ್ಷದವರೆಗೆ ಜೈಲು, ಅಲ್ಲಿ ಬಾಡಿಗೆಯ ಮಾತೇ ಇಲ್ಲ. ನಿರ್ಲಕ್ಷ್ಯ ಸಂಘಟಕರದ್ದಾಗಿದ್ದರೆ ಕೇಸು ಅವರ ಮನೆಬಾಗಿಲಿಗೂ ಬರಬಹುದು. 'ಏನಾದರೂ ಆದರೆ ನಾವೇ ಹೊಣೆ' ಅಂತ ಪೋಷಕರಿಂದ ಬರೆಸಿಕೊಂಡ ಚೀಟಿ ಇದನ್ನು ತಡೆಯುವುದಿಲ್ಲ.

ಟ್ರಿಪ್‌ನ ದಿನ ದಡದಲ್ಲೇ ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಸುಮ್ನೆ ಸೀಟಿನ ಕೆಳಗೆ ಇದ್ದರೆ ಸಾಲದು. ಮಗುವಿನ ಜಾಕೆಟ್‌ನ ಬಕಲ್ ಬಿಗಿದು, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ಆ ಮಗುವಿನದ್ದಲ್ಲ, ಚಿಕ್ಕದು ತರಿಸಿ. 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ ಪಿಕ್‌ನಿಕ್‌ಗೆ ಬಂದಿದ್ದ 12 ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಬೋಟಿನಲ್ಲಿ ಜನ ಜಾಸ್ತಿ ಇದ್ದರು, ಎಲ್ಲರಿಗೂ ಜಾಕೆಟ್ ಇರಲಿಲ್ಲ.

ಹತ್ತಿದವರ ಹೆಸರಿನ ಪಟ್ಟಿಯ ಒಂದು ಪ್ರತಿ ದಡದಲ್ಲಿ ನಿಂತವರ ಕೈಯಲ್ಲಿರಲಿ. ಸರ್ವೆ ಸರ್ಟಿಫಿಕೇಟಿನಲ್ಲಿರುವ ಸಂಖ್ಯೆಗಿಂತ ಒಬ್ಬರು ಜಾಸ್ತಿಯಾದರೂ ಎರಡು ಟ್ರಿಪ್ ಮಾಡಿ.