ಹಿಪ್ಪಲಿ ಬೇರಿನ ಮೇಲೆ ಕಾಳುಮೆಣಸು: ಏಳನೇ ವರ್ಷದ ಕಸಿ

ಹೊಸನಗರ ತಾಲ್ಲೂಕಿನ ನಮ್ಮ ಅಡಿಕೆ ತೋಟದ ಕೆಳಭಾಗದಲ್ಲಿ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಬಸಿಗಾಲುವೆ ತುಂಬಿ ನೀರು ನಿಲ್ಲುತ್ತದೆ. ಅಲ್ಲಿ ಬ್ರೆಜಿಲ್ ಹಿಪ್ಪಲಿಯ ಮೇಲೆ ಕಸಿ ಕಟ್ಟಿದ ಮೆಣಸಿನ ಬಳ್ಳಿಗಳು ಈಗ ಏಳನೇ ವರ್ಷಕ್ಕೆ ಕಾಲಿಟ್ಟಿವೆ. "ಹಿಪ್ಪಲಿ ಕಸಿ ನಾಲ್ಕು ವರ್ಷದ ಚೆಂದ, ಐದಕ್ಕೆ ಬಳ್ಳಿ ತಾನೇ ಒಣಗುತ್ತದೆ" ಎಂದು ನಕ್ಕಿದ್ದವರೇ ಈ ವರ್ಷ ಗಿಡ ಕೇಳಿಕೊಂಡು ಬಂದಿದ್ದಾರೆ. ಅವರ ಮಾತಿಗೂ ಆಧಾರವಿತ್ತು. ನನ್ನ ಮೊದಲ ತಂಡದ ಬಳ್ಳಿಗಳು ಹಾಗೆಯೇ ಹೋಗಿದ್ದವು.

ಕಸಿಗೆ ಬರುವ ಮೊದಲು ಸೊರಗು ರೋಗದ ಔಷಧಿಗೆ ಸುರಿದ ಹಣ ಸಣ್ಣದಲ್ಲ. ಬೋರ್ಡೋ ದ್ರಾವಣವಂತೂ ತಪ್ಪಿದ್ದಲ್ಲ. ಅದರ ಮೇಲೆ ಅಂಗಡಿಯವರೊಬ್ಬರು ಒತ್ತಾಯಿಸಿ ಕೊಟ್ಟ ಹೆಕ್ಸಾಕೊನಜೋಲ್‌ಗೆ ಎರಡು ಮಳೆಗಾಲದಲ್ಲಿ ಹತ್ತು ಹನ್ನೆರಡು ಸಾವಿರ ಹೋಗಿರಬೇಕು. ಆ ಔಷಧಿ ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆಯುವಂಥದ್ದು. ಸೊರಗು ತರುವ ಫೈಟೋಫ್ಥೊರಾ ಎಂಬ ಸೂಕ್ಷ್ಮಜೀವಿ ಆ ವಸ್ತುವನ್ನು ತಯಾರಿಸುವುದೇ ಇಲ್ಲವಾದ್ದರಿಂದ ತಡೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಪೊಟ್ಯಾಷಿಯಂ ಫಾಸ್ಫೋನೇಟ್ ಎಲೆಗೆ ಹೊಡೆದರೂ ಎಲೆಯ ಸಕ್ಕರೆ ಸಾಗಿಸುವ ಫ್ಲೋಯಂ ನಾಳದ ಮೂಲಕ ಬೇರಿಗಿಳಿಯುತ್ತದೆ, ಅದರಿಂದ ಮೇಲಿನ ತೋಟ ಉಳಿಯಿತು. ನೀರು ನಿಲ್ಲುವ ಕೆಳಗಿನ ತೋಟಕ್ಕೆ ಮಾತ್ರ ಸೊರಗಿಗೆ ಬಗ್ಗದ ಹಿಪ್ಪಲಿಗೆ ಬೇರನ್ನೇ ಬದಲಿಸದೆ ಗತ್ಯಂತರವಿರಲಿಲ್ಲ.

ಮಾವಿಗೆ ಕಸಿ ಕಟ್ಟಿದ ಕೈ ಮೆಣಸಿಗೆ ಸಾಲದು. ಮಾವಿನಲ್ಲಿ ತೊಗಟೆಯಡಿಯ ಕ್ಯಾಂಬಿಯಂ, ಅಂದರೆ ಹೊಸ ಕೋಶ ಹುಟ್ಟುವ ಪದರ, ಒಂದೇ ಉಂಗುರವಾಗಿ ಸಿಗುತ್ತದೆ. ಮೆಣಸಿನ ಕಾಂಡವನ್ನು ಅಡ್ಡ ಕೊಯ್ದು ಮಸೂರ ಹಿಡಿದರೆ ನಡುವೆ ಲೋಳೆಯ ಕಾಲುವೆ, ಅದರ ಸುತ್ತ ನೀರು, ಸಕ್ಕರೆ ಸಾಗಿಸುವ ಬಿಡಿಬಿಡಿ ನಾಳಗುಚ್ಛಗಳ ಒಳಸಾಲು, ಅಂಚಿನಲ್ಲಿ ಹೊರಸಾಲು ಕಾಣುತ್ತವೆ. ಎರಡು ಕಡ್ಡಿಗಳ ದಪ್ಪ ಒಂದೇ ಆಗಿದ್ದರೂ ಎಲ್ಲ ಗುಚ್ಛಗಳೂ ಎದುರುಬದುರಾಗುವುದಿಲ್ಲ; ಆದ್ದರಿಂದ ನಾನು ಸೀಳಿನ ಒಂದು ಅಂಚನ್ನಷ್ಟೇ ಕೂದಲೆಳೆಯೂ ತಪ್ಪದಂತೆ ಕೂಡಿಸುತ್ತೇನೆ. ಬೆಸುಗೆ ಆಗುವವರೆಗೆ ಕಸಿಕಡ್ಡಿಗೆ ಬೇರಿನ ನೀರಿಲ್ಲ. ಕೋಶ ನೀರು ಕಳೆದುಕೊಂಡು ಅದರ ಬಿಗುವು ಸಡಿಲಿತೆಂದರೆ ಬೆಳವಣಿಗೆ ನಿಂತಂತೆಯೇ. ಪಾಲಿಥಿನ್ ಚೀಲ ಕಟ್ಟಿ ಮೂರು ನಾಲ್ಕು ವಾರ ನೆರಳಲ್ಲಿ ಇಡುವುದು ಅದಕ್ಕಾಗಿ. ಮೃಗಶಿರಾ ಮಳೆಗೆ ಮುನ್ನ ಈ ಕೆಲಸ ಮುಗಿದಿರಬೇಕು. ಆರಂಭದಲ್ಲಿ ನೂರಕ್ಕೆ ಮೂವತ್ತು ಹಿಡಿದರೆ ಹೆಚ್ಚಾಗಿತ್ತು, ಈಗ ಎಪ್ಪತ್ತೈದಕ್ಕೆ ಇಳಿದರೆ ನನಗೆ ಬೇಸರವಾಗುತ್ತದೆ. ಕಡ್ಡಿ ಕತ್ತರಿಸುವ ಮೊದಲು ತಾಯಿಬಳ್ಳಿಗೆ ಮಾಡುವ ಒಂದು ಉಪಚಾರವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ತೋಟಕ್ಕೆ ಬಂದವರಿಗೆ ತೋರಿಸಿದರೂ ತೋರಿಸಿಯೇನು.

ಬೆಸುಗೆ ನಿಜವಾಗಿ ಆಗಿದೆಯೇ ಎಂದು ತಿಳಿಯಲು ಕೆಲವು ಕಸಿಗಳನ್ನು ಬಲಿಕೊಟ್ಟೆ. ಹಿಪ್ಪಲಿ ಕಾಂಡವನ್ನು ಬುಡದಲ್ಲಿ ಕೊಯ್ದು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಕಸಿಗಂಟಿನ ಮೇಲೆ ಬ್ಲೇಡಿನಿಂದ ತೆಳ್ಳಗೆ ಕೊಯ್ದೆ. ಅಂಚು ಕೂಡಿದ ಕಡೆ ಐದಾರು ಕೆಂಪು ಚುಕ್ಕೆಗಳು, ಉಳಿದೆಡೆ ಹಸಿರು ಬಿಳುಪು. ಅಷ್ಟರಲ್ಲೇ ಬಳ್ಳಿ ಚಿಗುರಿ ನಿಂತಿತ್ತು! ಶಾಯಿ ಏರಿದ್ದು ಬೇರಿನ ನೀರನ್ನು ಮೇಲೊಯ್ಯುವ ಕ್ಸೈಲಂನ ಸತ್ತ ಕೊಳವೆಗಳಲ್ಲಿ. ಎಲೆಯ ಸಕ್ಕರೆ ಕೆಳಗಿಳಿಯಲು ಫ್ಲೋಯಂನ ಜೀವಂತ ಕೋಶಗಳೇ ಬೇಕು, ಅದರ ಬೆಸುಗೆಯನ್ನು ಶಾಯಿ ತೋರಿಸುವುದಿಲ್ಲ. ಮೊದಲ ತಂಡ ಸತ್ತ ಕಾರಣವೂ ಅಲ್ಲೇ ಇತ್ತೆಂಬುದು ನನ್ನ ತೀರ್ಮಾನ: ಕಸಿಗಂಟಿನ ಮೇಲೆ ಮೆಣಸಿನ ಕಾಂಡ ಉಬ್ಬಿತ್ತು, ಕೆಳಗೆ ಹಿಪ್ಪಲಿಯ ಬೇರು ಬಡವಾಗಿತ್ತು.

ಹಾಗಾಗಿ ಈಗ ಒಂದು ಬಳ್ಳಿಗೆ ಎರಡು ಹಿಪ್ಪಲಿ ಬೇರು ಕೊಡುತ್ತೇನೆ. ಮೊದಲನೆಯದು ಹಿಡಿದ ಮೇಲೆ ಎರಡನೆಯದನ್ನು ಪಕ್ಕದಿಂದ ಕೂಡಿಸುವುದು. ಕೂಲಿ ದುಪ್ಪಟ್ಟಾದರೂ ಗಿಡಕ್ಕೆ ನಲವತ್ತು ರೂಪಾಯಿ ದಾಟಿಲ್ಲ. ನರ್ಸರಿಯಲ್ಲಿ ಒಂಟಿ ಬೇರಿನ ಕಸಿಗೇ ನೂರರ ಹತ್ತಿರ ಕೊಟ್ಟಿದ್ದೇನೆ. ಮಲ್ಲಿಗೆಸರ ಎಂಬ ಮೆಣಸಿನ ತಳಿಯನ್ನೂ ಹೀಗೆ ಕಟ್ಟಿ ನೋಡಿದೆ, ಪಣಿಯೂರು-1 ತಳಿಯಷ್ಟು ಸಲೀಸಾಗಿ ಹಿಡಿಯಲಿಲ್ಲ.

ನೆಟ್ಟ ಮೇಲೆ ಕಸಿಗಂಟು ನೆಲದಿಂದ ಒಂದು ಗೇಣು ಮೇಲಿರಬೇಕು. ಮೆಣಸಿನ ಗೆಣ್ಣು ಮಣ್ಣು ಮುಟ್ಟಿ ಬೇರು ಬಿಟ್ಟರೆ ರೋಗಕ್ಕೆ ಬಾಗಿಲು ತೆರೆದಂತೆ. ಹಿಪ್ಪಲಿಯ ಚಿಗುರನ್ನು ಕಂಡಲ್ಲೆಲ್ಲ ಚಿವುಟಬೇಕು. ಈ ಬೇರು ಬೇಸಿಗೆಯ ಒಣಗನ್ನು ತಡೆಯುವುದಿಲ್ಲ. ಫೆಬ್ರವರಿಯಿಂದ ನೀರು ಕೊಡಲಾಗದವರು ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು. ಕಳೆದ ಕೊಯ್ಲಿನಲ್ಲಿ ಬಳ್ಳಿಗೆ ಸುಮಾರು ಒಂದೂವರೆ ಕಿಲೋ ಒಣಮೆಣಸು ಬಂದಿದೆ.