ಪ್ರಿಂಟ್ ಮಾಡಿದ ಟೈಟಾನಿಯಂ ಎಷ್ಟು ಬಾಳುತ್ತದೆ? ನಾನು ಲೆಕ್ಕ ಹಾಕುವ ಬಗೆ

ಒಂದೇ ಪುಡಿ, ಒಂದೇ ಮೆಷಿನ್, ಒಂದೇ ಲೋಡ್. ಆದರೂ ಲೇಸರ್‌ನಲ್ಲಿ ಪ್ರಿಂಟ್ ಮಾಡಿದ ಒಂದು ಸ್ಯಾಂಪಲ್ ಬೇಗ ಮುರಿಯುತ್ತದೆ, ಪಕ್ಕದ್ದು ಅದರ ಹತ್ತು ಪಟ್ಟು ಸೈಕಲ್ (ಲೋಡ್ ಏರಿ ಇಳಿಯುವ ಸುತ್ತು) ತಡೆಯುತ್ತದೆ. ಹಾಗಾಗಿ ಎಷ್ಟು ಒತ್ತಡಕ್ಕೆ ಎಷ್ಟು ಸೈಕಲ್ ಎಂದು ತೋರಿಸುವ ಎಸ್-ಎನ್ ಗ್ರಾಫಿನಲ್ಲಿ ಸರಾಸರಿ ಗೆರೆ ಎಳೆದು ಫಟೀಗ್ ಆಯುಷ್ಯ (ಮತ್ತೆ ಮತ್ತೆ ಬೀಳುವ ಲೋಡಿಗೆ ಮುರಿಯುವವರೆಗಿನ ಬಾಳಿಕೆ) ಹೇಳುವುದನ್ನು ನಾನು ನಂಬುವುದಿಲ್ಲ. ಮುರಿದ ಮುಖದಿಂದಲೇ ಶುರು ಮಾಡುತ್ತೇನೆ.

ಅದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟು ಬಿರುಕಿನ ಗೆರೆಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ, ಅವೆಲ್ಲ ಕೂಡುವ ಜಾಗದಲ್ಲಿ ಸಾಮಾನ್ಯವಾಗಿ ಒಂದು ಪೊಳ್ಳು ಇರುತ್ತದೆ. ದುಂಡಗಿದ್ದರೆ ಗ್ಯಾಸ್ ಸಿಕ್ಕಿಕೊಂಡದ್ದು, ಇಲ್ಲವೇ ಲೇಸರ್ ಶಕ್ತಿ ಹೆಚ್ಚಾಗಿ ಕರಗಿದ ಲೋಹದಲ್ಲಿ ಆದ ಆಳದ ಕುಳಿ (ಕೀಹೋಲ್) ಕುಸಿದು ಉಳಿದದ್ದು. ಚಪ್ಪಟೆಯಾಗಿದ್ದು, ಅಂಚು ಹರಿದಂತಿದ್ದು, ಒಳಗೆ ಕರಗದ ಪುಡಿಯ ಗುಂಡುಗಳು ಹಾಗೇ ಕೂತಿದ್ದರೆ ಎರಡು ಪದರ ಬೆಸೆದುಕೊಂಡಿಲ್ಲ. ನನಗೆ ಹೆಚ್ಚು ಭಯ ಇದರದ್ದೇ. ಪ್ರಿಂಟ್ ಮೇಲೇರಿದ ದಿಕ್ಕಿನಲ್ಲೇ ಎಳೆತ ಬಿದ್ದರೆ ಇದರ ಪೂರ್ತಿ ಅಗಲ ಎಳೆತಕ್ಕೆ ಅಡ್ಡವಾಗಿ ನಿಲ್ಲುತ್ತದೆ.

ಎಳೆತಕ್ಕೆ ಅಡ್ಡವಾಗಿ ಕಾಣುವ ಅದರ ವಿಸ್ತೀರ್ಣ ಅಳೆದು ವರ್ಗಮೂಲ ತೆಗೆಯುತ್ತೇನೆ. ಪೊಳ್ಳಿನ ಗಾತ್ರದಿಂದ ಫಟೀಗ್ ಮಿತಿ (ಮುರಿಯದೆ ತಡೆಯುವ ಒತ್ತಡ) ಅಂದಾಜಿಸುವ ಮುರಕಾಮಿ ಸೂತ್ರಕ್ಕೆ ಅದು ಮತ್ತು ವಿಕರ್ಸ್ ಗಡಸುತನ (ವಜ್ರದ ಮೊನೆ ಒತ್ತಿ ಅಳೆಯುವುದು) ಸಾಕು. ಗಡಸುತನ 350, ಮೇಲ್ಮೈಯ ಪೊಳ್ಳಿನ ವರ್ಗಮೂಲ 100 ಮೈಕ್ರಾನ್ ಎಂದಿಟ್ಟುಕೊಳ್ಳಿ: ಎಳೆತ-ಒತ್ತು ಸಮನಾಗಿರುವ ಲೋಡಿನಲ್ಲಿ ಮಿತಿ ಸುಮಾರು 312 ಮೆಗಾಪಾಸ್ಕಲ್. 50 ಮೈಕ್ರಾನ್ ಆದರೆ 350. ಗಾತ್ರ ಅರ್ಧಕ್ಕಿಳಿದರೂ ಗಳಿಸಿದ್ದು ಶೇ 12 ಮಾತ್ರ. ಸೂತ್ರ ಮುಖ್ಯವಾಗಿ ಉಕ್ಕಿನ ಪ್ರಯೋಗಗಳಿಂದ ಬಂದದ್ದು. ಟೈಟಾನಿಯಂಗೆ ಅಂದಾಜೆಂದು ಹಿಡಿದು ಟೆಸ್ಟ್‌ನೊಂದಿಗೆ ತಾಳೆ ನೋಡಲೇಬೇಕು.

ಪೊಳ್ಳು ಎಲ್ಲಿದೆ ಎಂಬುದು ಆಯುಷ್ಯವನ್ನು ಇನ್ನೂ ಜೋರಾಗಿ ಬದಲಿಸುತ್ತದೆ. ಬಿರುಕಿನ ತುದಿಯಲ್ಲಿ ಒತ್ತಡ ಎಷ್ಟು ಜೋರಾಗಿದೆ ಎಂದು ಹೇಳುವ ಒತ್ತಡ ತೀವ್ರತೆಯ ಗುಣಾಂಕ ಮೇಲ್ಮೈಯಲ್ಲಿ 0.65, ಒಳಗೆ 0.5. ಆ ತೀವ್ರತೆಯಿಂದ ಬಿರುಕು ಬೆಳೆಯುವ ವೇಗ ಹೇಳುವ ಪ್ಯಾರಿಸ್ ನಿಯಮದ ಘಾತ 3 ಎಂದರೂ, ಮೇಲ್ಮೈಯ ಬಿರುಕು ಎರಡು ಪಟ್ಟಿಗಿಂತ ವೇಗವಾಗಿ ಬೆಳೆಯಲು ಶುರುಮಾಡುತ್ತದೆ.

ಸ್ಯಾಂಪಲ್ ಚಿಕ್ಕದು, ನಿಜವಾದ ಭಾಗ ದೊಡ್ಡದು. ಲೋಹ ಹೆಚ್ಚಿದಷ್ಟೂ ಅದರೊಳಗಿನ ಅತಿ ದೊಡ್ಡ ಪೊಳ್ಳೂ ದೊಡ್ಡದಾಗುವ ಸಂಭವ ಹೆಚ್ಚು. ಆದ್ದರಿಂದ ಸಿ.ಟಿ. ಸ್ಕ್ಯಾನಿನ ಅಳತೆಗಳನ್ನು ಗುಂಬೆಲ್ ಹಂಚಿಕೆಗೆ (ಗರಿಷ್ಠಗಳ ಸಂಭವ ಲೆಕ್ಕ ಹಾಕುವ ಸಂಖ್ಯಾಶಾಸ್ತ್ರದ ಮಾದರಿ) ಕೂರಿಸಿ, ಭಾಗದ ಗಾತ್ರಕ್ಕೆ ವಿಸ್ತರಿಸಿ, ಬರುವ ಗರಿಷ್ಠವನ್ನೇ ಸೂತ್ರಕ್ಕೆ ಕೊಡುತ್ತೇನೆ. ಮೂರು ವೋಕ್ಸೆಲ್‌ಗಿಂತ (ಸ್ಕ್ಯಾನ್ ಚಿತ್ರದ ಅತಿ ಸಣ್ಣ ಘನ ಚುಕ್ಕೆ) ಚಿಕ್ಕದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಿಪ್ ಮಾಡಿಸಿದರೆ, ಅಂದರೆ ಸುಮಾರು 920 ಡಿಗ್ರಿ ಸೆಲ್ಸಿಯಸ್, 100 ಮೆಗಾಪಾಸ್ಕಲ್ ಆರ್ಗಾನ್ ಒತ್ತಡದಲ್ಲಿಟ್ಟರೆ, ಒಳಗಿನ ಪೊಳ್ಳುಗಳು ಬಹುಪಾಲು ಮುಚ್ಚುತ್ತವೆ. ಮೇಲ್ಮೈಗೆ ತೆರೆದವು ಮುಚ್ಚುವುದಿಲ್ಲ. ಹಿಪ್ ಇಲ್ಲದೆ ಮೆಷಿನಿಂಗ್‌ಗೆ ಕಳಿಸುವಾಗಲೂ ಎಚ್ಚರ ಬೇಕು: ಅಂಚಿನ ಲೇಸರ್ ಗೆರೆ ಒಳಗಿನ ಗೆರೆಗಳನ್ನು ಸೇರುವಲ್ಲಿ ಪೊಳ್ಳುಗಳು ಸಾಲುಗಟ್ಟಿರಬಹುದು. ಒರಟು ತೊಗಟೆ ತೆಗೆಯುವ ಟೂಲ್ ಸರಿಯಾಗಿ ಅಲ್ಲಿಗೇ ನಿಂತರೆ, ಒಳಗಿದ್ದವು ಮೇಲ್ಮೈಗೆ ಬರುತ್ತವೆ. ಎಷ್ಟು ಲೋಹ ತೆಗೆಯಬೇಕೆಂಬುದನ್ನು ಸ್ಕ್ಯಾನ್ ನೋಡಿದ ಮೇಲೆಯೇ ಡ್ರಾಯಿಂಗಿನಲ್ಲಿ ಬರೆಯುತ್ತೇನೆ.