ನೀರಿನ ಘಟಕದ ತನಿಖೆಗೆ ಓದುಗರಿಂದ ದುಡ್ಡು ಎತ್ತಿದ್ದು

"ಕನ್ನಡದವರು ಸುದ್ದಿಗೆ ದುಡ್ಡು ಕೊಡಲ್ಲ ಕಣಯ್ಯ, ಸುಮ್ನೆ ಒಂದು ಯೂಟ್ಯೂಬ್ ಚಾನೆಲ್ ಮಾಡ್ಕೋ." ನಮ್ಮ ಜಿಲ್ಲೆಯ ಪತ್ರಕರ್ತ ಗೆಳೆಯರಲ್ಲಿ ಈ ಮಾತು ಹೇಳದವರು ಕಡಿಮೆ. ನಾವು ಓದುಗರ ದುಡ್ಡಿನಲ್ಲೇ ತನಿಖೆ ಮಾಡಿದ ಮೇಲೆ ಈಗ ಅವರಲ್ಲೇ ಕೆಲವರು ಫೋನ್ ಮಾಡಿ "ಹೆಂಗೆ ಮಾಡಿದ್ರಿ ಸಾರ್?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳೋಕೆ ಆಗಲ್ಲ, ಅದಕ್ಕೆ ಒಂದೇ ಸಲ ಬರೆಯುತ್ತಿದ್ದೇನೆ.

ನಮ್ಮದು ಮಧ್ಯ ಕರ್ನಾಟಕದ ಒಂದು ತಾಲೂಕು ಕೇಂದ್ರದಲ್ಲಿರುವ ಸಣ್ಣ ಸುದ್ದಿ ವೆಬ್‌ಸೈಟ್. ನಾನು, ಒಬ್ಬ ವರದಿಗಾರ, ಮಧ್ಯಾಹ್ನದ ಮೇಲೆ ಬರುವ ಒಬ್ಬ ಡಿಸೈನರ್ ಹುಡುಗಿ, ಇಷ್ಟೇ ಜನ. ಅಪಘಾತ, ಜಾತ್ರೆ, ಮಾರುಕಟ್ಟೆ ದರಕ್ಕೆ ಖರ್ಚಿಲ್ಲ. ಎರಡು ತಿಂಗಳು ಒಂದೇ ವಿಷಯದ ಹಿಂದೆ ಬಿದ್ದರೆ ಆ ಸಂಬಳ ಎಲ್ಲಿಂದ? ತಲೆನೋವು ಇದೇ.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. "ಸ್ವತಂತ್ರ ಪತ್ರಿಕೋದ್ಯಮ ಬೆಂಬಲಿಸಿ" ಅಂತ ಪುಟದ ಕೆಳಗೆ ಒಂದು ಬಟನ್. ಮೂರು ನಾಲ್ಕು ತಿಂಗಳಲ್ಲಿ ಬಂದದ್ದು ನಾಲ್ಕು ಸಾವಿರ ಚಿಲ್ಲರೆ. ಅದರಲ್ಲಿ ಅರ್ಧ ನಮ್ಮ ಭಾವನವರದ್ದು.

ಆಮೇಲೆ ತಿಂಗಳಿಗೆ 99 ರೂಪಾಯಿಯ ಚಂದಾ ಶುರು ಮಾಡಿದೆವು. ಹೊತ್ತು ಕೆಟ್ಟದಿತ್ತು. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು, ಕಾರ್ಡಿನಿಂದ ತಾನಾಗಿ ಕಟ್ ಆಗುತ್ತಿದ್ದ ದುಡ್ಡು ನಿಂತುಹೋಯಿತು. ಜನ ಬಿಟ್ಟು ಹೋಗಲಿಲ್ಲ, ಬ್ಯಾಂಕೇ ಬಿಡಿಸಿತು. ಯುಪಿಐ ಆಟೋಪೇಗೆ ಬದಲಾಯಿಸಿದರೆ ಇನ್ನೊಂದು ರಗಳೆ: ತಿಂಗಳ ಕೊನೆಗೆ ಖಾತೆಯಲ್ಲಿ ದುಡ್ಡಿರಲ್ಲ, ಫೇಲ್ ಆಗುತ್ತದೆ. ತಾರೀಕನ್ನು 3ಕ್ಕೆ ಇಟ್ಟ ಮೇಲೆ ಮೇಷ್ಟ್ರುಗಳದ್ದು ಸರಿಹೋಯಿತು. ಅಡಿಕೆ ಬೆಳೆಗಾರರದ್ದು ಆಗಲೂ ಇಲ್ಲ. ಅವರಿಗೆ ತಿಂಗಳ ಲೆಕ್ಕವೇ ಇಲ್ಲವಲ್ಲ! ಅಡಿಕೆ ಮಾರಿದ ಮೇಲೆ ವರ್ಷದ್ದು ಒಟ್ಟಿಗೆ ಕೇಳಬೇಕು, ಕೊಡುತ್ತಾರೆ. ಇದು ಗೊತ್ತಾಗೋಕೆ ನಮಗೆ ಎರಡು ಹಂಗಾಮು ಬೇಕಾಯಿತು.

ಒಂದು ಪ್ರತಿಷ್ಠಾನಕ್ಕೂ ಅರ್ಜಿ ಹಾಕಿದೆವು. ಇಂಗ್ಲಿಷಿನಲ್ಲಿ ಮೂವತ್ತು ಪುಟ, ಮೂರು ವರ್ಷದ ಬಜೆಟ್ಟು. ಅದನ್ನು ತುಂಬುವ ಹೊತ್ತಿಗೆ ಎರಡು ತನಿಖಾ ವರದಿ ಬರೆಯಬಹುದಿತ್ತು. ಉತ್ತರ ಬಂತು, ನೀವು ತುಂಬಾ ಚಿಕ್ಕವರು ಅಂತ. ಅತ್ತ ಒಬ್ಬ ಗುತ್ತಿಗೆದಾರರು ಎರಡು ಲಕ್ಷ "ಸಹಾಯ" ಮಾಡಲು ಮುಂದೆ ಬಂದರು. ಯಾಕೆ ಅಂತ ನಿಮಗೆ ಹೇಳಬೇಕಿಲ್ಲ.

"ಲಂಕೇಶರು ಜಾಹೀರಾತಿಲ್ಲದೆ ಪತ್ರಿಕೆ ನಡೆಸಲಿಲ್ವಾ?" ಅಂತ ಪ್ರತಿ ಸಭೆಯಲ್ಲೂ ಒಬ್ಬರು ಎದ್ದು ಕೇಳುತ್ತಾರೆ. ನಡೆಸಿದರು, 1980ರಿಂದ. ಆದರೆ ಅದು ಅಂಗಡಿಯಲ್ಲಿ ಕಾಸು ಕೊಟ್ಟರೆ ಮಾತ್ರ ಕೈಗೆ ಬರುವ ಪತ್ರಿಕೆ. ನಮ್ಮ ವರದಿ ಬಂದ ಅರ್ಧ ಗಂಟೆಗೆ ಯಾರೋ ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಬಿಟ್ಟಿರುತ್ತಾರೆ. ಬಾಗಿಲು ಹಾಕಿ ಮಾರುವ ದಾರಿ ನಮಗಿಲ್ಲ.

ದಾರಿ ಕಂಡದ್ದು ಬೇರೆ ಕಡೆ. ನ್ಯೂಸ್‌ಲಾಂಡ್ರಿ ಅನ್ನುವ ಇಂಗ್ಲಿಷ್ ಸುದ್ದಿ ವೆಬ್‌ಸೈಟಿನವರು ಒಂದೊಂದು ತನಿಖೆಗೂ ಬೇರೆ ಬೇರೆ ನಿಧಿ ಕೇಳುತ್ತಿದ್ದದ್ದು ನೋಡಿದ್ದೆ. 2024ರ ಫೆಬ್ರುವರಿಯಲ್ಲಿ ಪಕ್ಷಗಳಿಗೆ ಹೆಸರು ಹೇಳದೆ ದುಡ್ಡು ಕೊಡುವ ಚುನಾವಣಾ ಬಾಂಡನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತಲ್ಲ, ಆಮೇಲೆ ಅವರು, ನ್ಯೂಸ್ ಮಿನಿಟ್, ಸ್ಕ್ರೋಲ್ ಸೇರಿ ಆ ದಾಖಲೆಗಳನ್ನು ಬಗೆದರು. ಅದಕ್ಕೂ ಓದುಗರನ್ನೇ ಕೇಳಿದರು. ಅಲ್ಲಿ ದೇಶದ ಸುದ್ದಿ, ಇಂಗ್ಲಿಷ್ ಓದುಗರು. ತಾಲೂಕಿನ ಸುದ್ದಿಗೆ ನಡೆಯುತ್ತಾ? ಯಾರೂ ನಂಬಲಿಲ್ಲ.

ನಾನು ಆರಿಸಿದ್ದು ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬುವ ಯಂತ್ರ ಪ್ರತಿ ಊರಿನಲ್ಲೂ ಇದೆ, ಅರ್ಧಕ್ಕರ್ಧ ಕೆಟ್ಟು ನಿಂತಿವೆ, ಎಲ್ಲರಿಗೂ ಗೊತ್ತು. ಕೆಟ್ಟು ನಿಂತದ್ದಕ್ಕೂ ನಿರ್ವಹಣೆ ಬಿಲ್ ಆಗುತ್ತಿದೆಯಾ ಅನ್ನುವುದು ನಮ್ಮ ಪ್ರಶ್ನೆ.

ಪತ್ರಿಕಾ ಸ್ವಾತಂತ್ರ್ಯ, ಪ್ರಜಾಪ್ರಭುತ್ವ ಯಾವುದನ್ನೂ ಎತ್ತಲಿಲ್ಲ. ಮದುವೆ ಮನೆಯ ದಿನಸಿ ಚೀಟಿಯ ಹಾಗೆ ಒಂದು ಅಂದಾಜು ಪಟ್ಟಿ ಹಾಕಿದೆವು. ಮಾಹಿತಿ ಹಕ್ಕು ಅರ್ಜಿ, ಜೆರಾಕ್ಸ್‌ಗೆ 8 ಸಾವಿರ. ಪೆಟ್ರೋಲ್ 12. ನೀರಿನ ಪರೀಕ್ಷೆ 15. ವಕೀಲರು ಒಮ್ಮೆ ಓದಿ ಕೊಡಲು 10. ವರದಿಗಾರನ ಎರಡು ತಿಂಗಳ ಸಂಬಳ 36. ಒಟ್ಟು 80 ಸಾವಿರದ ಆಸುಪಾಸು. ಅಷ್ಟು ಬಂದ ದಿನ ಕ್ಯೂಆರ್ ಕೋಡ್ ತೆಗೆಯುತ್ತೇವೆ ಅಂತ ದಪ್ಪ ಅಕ್ಷರದಲ್ಲಿ ಬರೆದೆವು. ತೆಗೆದೆವು ಕೂಡ.

ಜೆರಾಕ್ಸ್‌ಗೆ ಅಷ್ಟೊಂದಾ ಅಂತ ಕೇಳಿದವರಿದ್ದಾರೆ. ಅರ್ಜಿಗೆ ಹತ್ತೇ ರೂಪಾಯಿ, ಪುಟಕ್ಕೆ ಎರಡು, ಸರಿ. ಆದರೆ ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಒಂದು ಪ್ರಶ್ನೆಯನ್ನು ಪಂಚಾಯಿತಿಗೊಂದರಂತೆ ಒಡೆದು ಹಾಕಬೇಕು. ಪೋಸ್ಟಲ್ ಆರ್ಡರ್, ಅಂಚೆ ಖರ್ಚು, ಮೊದಲ ಮೇಲ್ಮನವಿ ಎಲ್ಲ ಸೇರಿದರೆ ಎಂಟು ಸಾವಿರ ಸಾಲಲ್ಲ.

ಒಬ್ಬರಿಂದ 5,000ಕ್ಕಿಂತ ಜಾಸ್ತಿ ಇಲ್ಲ. ಗುತ್ತಿಗೆದಾರರು, ಹಾಲಿ ಪಂಚಾಯಿತಿ ಸದಸ್ಯರ ದುಡ್ಡು ವಾಪಸ್. ಒಬ್ಬರ 25 ಸಾವಿರ ಬಂದ ಸಂಜೆಯೇ ವಾಪಸ್ ಹಾಕಿ, ಹೆಸರು ಮುಚ್ಚಿ ಆ ಸ್ಕ್ರೀನ್‌ಶಾಟ್ ಗುಂಪಿಗೆ ಬಿಟ್ಟೆ. ಆ ಒಂದು ಚಿತ್ರ ತಂದ ದುಡ್ಡನ್ನು ನನ್ನ ಯಾವ ಭಾಷಣವೂ ತಂದಿಲ್ಲ.

ಮೊದಲ ಸಂದೇಶ ಊರಿಗೆಲ್ಲ ಹೋಗಲಿಲ್ಲ. ಇಪ್ಪತ್ತು ಜನರಿಗೆ ಮಾತ್ರ ಹೋಯಿತು. ಆ ಇಪ್ಪತ್ತು ಜನರನ್ನು ಹೇಗೆ ಆರಿಸಿದೆ ಅನ್ನುವುದು ಮಾತ್ರ ಇಲ್ಲಿ ಬರೆಯಲ್ಲ. ಹೊಟ್ಟೆಪಾಡು, ಕ್ಷಮಿಸಿ.

ನಡುವೆ ಒಂದು ಪ್ರಯೋಗ. ಸಂತೆ ದಿನ ಬಸ್ ಸ್ಟ್ಯಾಂಡ್ ಪಕ್ಕ ಕ್ಯೂಆರ್ ಬೋರ್ಡ್ ನಿಲ್ಲಿಸಿದೆವು. ಒಬ್ಬರೂ ಸ್ಕ್ಯಾನ್ ಮಾಡಲಿಲ್ಲ, ಇದೇನು ಮೋಸ ಅಂತ ದೂರ ನಿಂತರು. ಮುಂದಿನ ವಾರ ಗಣಪತಿ ಚಂದಾಕ್ಕೆ ತರುವಂಥ ರಸೀದಿ ಪುಸ್ತಕ ಇಟ್ಟುಕೊಂಡು ಕೂತೆವು. ಇಪ್ಪತ್ತು, ಐವತ್ತು ಬರತೊಡಗಿತು. ಸೊಪ್ಪು ಮಾರುವ ಅಜ್ಜಿಯೊಬ್ಬರು ಹತ್ತು ರೂಪಾಯಿ ಕೊಟ್ಟು, "ನಮ್ಮೂರ್ ಮಿಷನ್ನೂ ನೋಡ್ರಪ್ಪ, ಬೇಸಿಗೆಯಿಂದ ಬೀಗ ಹಾಕೈತೆ" ಅಂದರು. ದುಡ್ಡಿಗಿಂತ ಇಂಥ ಸುಳಿವೇ ಜಾಸ್ತಿ ಸಿಕ್ಕವು. ನಗದು ಮಾತ್ರ ಆಡಿಟರ್‌ಗೆ ಇಷ್ಟವಾಗಲಿಲ್ಲ. ದಾನ ಕೊಟ್ಟವರಿಗೆ ಸಿಗುವ 80ಜಿ ತೆರಿಗೆ ರಿಯಾಯಿತಿ ನಮಗಿಲ್ಲ, ಎಲ್ಲವನ್ನೂ ಆದಾಯ ಅಂತಲೇ ತೋರಿಸಿ ಅಂದರು. ಹಾಗೇ ತೋರಿಸುತ್ತಿದ್ದೇವೆ.

ಅಮೆರಿಕದಲ್ಲಿರುವ ನಮ್ಮೂರಿನವರು ನಾವೂ ಕಳಿಸುತ್ತೇವೆ ಅಂದಾಗ ಖುಷಿಪಡಬೇಡಿ, ಪಾಸ್‌ಪೋರ್ಟ್ ಕೇಳಿ. ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎಯ 3ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪತ್ರಿಕೆಯ ಸಂಪಾದಕರಿಂದ ಹಿಡಿದು ವ್ಯಂಗ್ಯಚಿತ್ರಕಾರರವರೆಗೆ ಯಾರೂ ವಿದೇಶಿ ಹಣ ಮುಟ್ಟುವಂತಿಲ್ಲ. ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಸುದ್ದಿ ಕೊಡುವ ಕಂಪನಿಗಳೂ ಆ ಪಟ್ಟಿಯಲ್ಲಿವೆ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಗಳಿಕೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ಹಣವಲ್ಲ. ಅಲ್ಲಿಯ ಪೌರತ್ವ ಪಡೆದವರದ್ದು ವಿದೇಶಿ ಹಣವೇ, ಅಪ್ಪಟ ಕನ್ನಡಿಗರಾದರೂ. ಹಾಗೆ ಹದಿನೈದು ಸಾವಿರದಷ್ಟು ಬೇಡ ಅಂದೆವು. ಒಬ್ಬರು ಈಗಲೂ ಮಾತಾಡಲ್ಲ.

ಮೂರು ವಾರದೊಳಗೆ ಮೊತ್ತ ತುಂಬಿತು. ಕೊಟ್ಟವರು ಇನ್ನೂರು ಚಿಲ್ಲರೆ ಜನ, ಹೆಚ್ಚಿನವರದ್ದು 100, 200. ಕೊಟ್ಟವರ ಹೆಸರು ಹಾಕಲಿಲ್ಲ. ಊರಿನಲ್ಲಿ ಇಂಥ ತನಿಖೆಗೆ ದುಡ್ಡು ಕೊಟ್ಟೆ ಅಂತ ಗೊತ್ತಾದರೆ ಅವರ ಖಾತೆ ಬದಲಾವಣೆ ಅರ್ಜಿ ಮೇಜಿನ ಮೇಲೇ ಕೂತಿರುತ್ತದೆ. ರಸೀದಿ ನಂಬರ್ ಮಾತ್ರ ಹಾಕಿದೆವು, ತಮ್ಮದು ಇದೆಯಾ ಅಂತ ಅವರೇ ನೋಡಿಕೊಂಡರು.

ತನಿಖೆಯಲ್ಲಿ ಸಿಕ್ಕಿದ್ದರಲ್ಲಿ ಒಂದನ್ನು ಹೇಳುತ್ತೇನೆ. ಒಂದು ಘಟಕದ ಬಾಗಿಲ ಸಂದಿಯಲ್ಲಿ ಹುತ್ತ ಬೆಳೆದಿತ್ತು, ಬೀಗ ತುಕ್ಕು ಹಿಡಿದು ಕೀಲಿಯೇ ಒಳಗೆ ಹೋಗುತ್ತಿರಲಿಲ್ಲ. ಅದೇ ಘಟಕಕ್ಕೆ ಅದೇ ವರ್ಷ ಎರಡು ಸಲ ಫಿಲ್ಟರ್ ಬದಲಿಸಿದ ಬಿಲ್ಲು, ಸೀಲು ಸಹಿ ಸಮೇತ. ಬಿಲ್ಲು, ಹುತ್ತ ಎರಡರ ಫೋಟೋವನ್ನೂ ಪಕ್ಕಪಕ್ಕ ಹಾಕಿದೆವು. ವಿವರಣೆಯೇ ಬೇಕಾಗಲಿಲ್ಲ.

ವರದಿ ಬಂದ ವಾರ ಮಾನನಷ್ಟದ ನೋಟಿಸ್ ಬಂತು, ಭಾರತೀಯ ನ್ಯಾಯ ಸಂಹಿತೆ 356 ಅಂತೆಲ್ಲ. ವಕೀಲರು ಮೊದಲೇ ಓದಿದ್ದರಿಂದ ಒಂದೂವರೆ ಪುಟದ ಉತ್ತರ ಹೋಯಿತು. ಆಮೇಲೆ ಸುದ್ದಿಯಿಲ್ಲ. ವಕೀಲರ ಹತ್ತು ಸಾವಿರವನ್ನು ಪಟ್ಟಿಯಿಂದ ತೆಗೆಯಿರಿ ಅಂದಿದ್ದ ಗೆಳೆಯನಿಗೆ ಆ ನೋಟಿಸಿನ ಫೋಟೋ ಕಳಿಸಿದೆ. ಏಳೆಂಟು ಊರಲ್ಲಿ ಘಟಕ ರಿಪೇರಿ ಆಯಿತು. ಅದು ನಮ್ಮಿಂದಲೇ ಆಯಿತು ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಖರ್ಚಿನ ಲೆಕ್ಕವನ್ನು ಬಿಲ್ಲುಗಳ ಸಮೇತ ಹಾಕಿದೆವು. ಆರೇಳು ಸಾವಿರ ಉಳಿದಿತ್ತು, ಮುಖ್ಯವಾಗಿ ನೀರಿನ ಪರೀಕ್ಷೆಯದ್ದು. ಲ್ಯಾಬಿನವರು ರೇಟು ಇಳಿಸಿದ್ದರು. ವಾಪಸ್ ಬೇಕಾ, ಮುಂದಿನದಕ್ಕೆ ಇಡೋಣವಾ ಅಂತ ಕೇಳಿದೆವು. ವಾಪಸ್ ಕೇಳಿದವರು ಇಬ್ಬರೋ ಮೂವರೋ, ಅವತ್ತೇ ಕಳಿಸಿದೆವು. ಎರಡನೇ ತನಿಖೆ ರಾಜ್ಯದ ಟೆಂಡರ್ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರ್ ಇಲ್ಲದೆ ಕೊಟ್ಟ ಕಾಮಗಾರಿಗಳದ್ದು. ಅದಕ್ಕೆ ಒಂದು ಲಕ್ಷದ ಮೇಲೆ ಕೇಳಿದೆವು, ಹತ್ತು ಹನ್ನೆರಡು ದಿನದಲ್ಲೇ ಬಂತು.

ಆದರೆ ಇದರಿಂದ ಕಚೇರಿ ನಡೆಯುತ್ತದೆ ಅಂದುಕೊಂಡು ಇಳಿಯಬೇಡಿ. ತನಿಖೆಯ ಖರ್ಚಷ್ಟೇ ಇದರಲ್ಲಿ ಹುಟ್ಟುತ್ತದೆ. ಬಾಡಿಗೆ, ಕರೆಂಟು ಬಿಲ್ಲು ಈಗಲೂ ಮದುವೆ ಕಾರ್ಡ್ ಡಿಸೈನ್‌ನಿಂದಲೇ ಬರಬೇಕು. ಮುಹೂರ್ತ ಜಾಸ್ತಿ ಇರುವ ವರ್ಷ ನಮ್ಮ ಡಿಸೈನರ್ ಹುಡುಗಿ ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ಆರು ತಿಂಗಳ ಬಾಡಿಗೆ ಎತ್ತಿಬಿಡುತ್ತಾಳೆ.